ಬಳ್ಳಾರಿಯ ನೊಗಕ್ಕೆ ಮೈಸೂರಿನ ಹುಲ್ಲು



ಬಳ್ಳಾರಿಯಿಂದ ವಾಯವ್ಯ ದಿಕ್ಕಿಗೆ ಕೆಲವು ಹರದಾರಿ ಸಾಗಿದರೆ ಕುರುಗೋಡು ಸಿಕ್ಕುವುದು. ಒಂದು ಕಾಲಕ್ಕೆ ಸಿಂದ ಮನೆತನದ ಅರಸರ ರಾಜಧಾನಿಯಾಗಿದ್ದ ಊರು ಅದು. ಅಲ್ಲಿಯ ದೊಡ್ಡ ಬಸವೇಶ್ವರನ ಗುಡಿಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬೃಹತ್ತಾದ ನಂದಿಯೇ ಮೂಲದೇವರಾಗಿ ಪೂಜೆಗೊಳ್ಳುತ್ತಿರುವನು. ಅಲ್ಲಿಂದ ಉತ್ತರಕ್ಕೆ ತುಂಗಭದ್ರೆಯ ಕಡೆಗೆ ನಡೆದರೆ ಸಿರುಗುಪ್ಪ. ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ನೆನೆದು ಬತ್ತ ಬೆಳೆಯುತ್ತ ಬಂದ ನೆಲ. ಇವುಗಳ ಸುತ್ತ ಕಣ್ಣು ಹರಿಯುವವರೆಗೆ ಹಬ್ಬಿರುವುದು ಎರೆಭೂಮಿ, ಹತ್ತಿ ಜೋಳಗಳ ಭೂಮಿ. ಗುಡಿಯಲ್ಲಿ ಬಸವ, ಗದ್ದೆಯಲ್ಲಿ ಎತ್ತು, ಹೊಲದಲ್ಲಿ ಎತ್ತು, ಹತ್ತಿಯ ಅಂಡಿಗೆ ಹೊರಲು ಎತ್ತು. ಹೀಗೆ ಎತ್ತಿನ ಹೆಗಲ ಮೇಲೆಯೇ ನಿಂತಿದ್ದ ಸೀಮೆಯು ತನಗೆ ಬೇಕಾದ ಉತ್ತಮವಾದ ಎತ್ತುಗಳನ್ನು ತಾನೇ ಬೆಳೆಸಿಕೊಳ್ಳಲಿಲ್ಲ; ಬಹುಮಟ್ಟಿಗೆ ದಕ್ಷಿಣದ ಮೈಸೂರು ಸೀಮೆಯಿಂದಲೂ ಪೂರ್ವದ ನೆಲ್ಲೂರು ಸೀಮೆಯಿಂದಲೂ ಕೊಂಡು ತಂದುಕೊಂಡಿತು. ಈ ಸೋಜಿಗಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದೇ ಈ ಹೊತ್ತಿನ ಭಾಷಣದ ಉದ್ದೇಶ. ಆ ವಿಚಾರಕ್ಕಾಗಿ ನಾವು ಶ್ರೀರಂಗಪಟ್ಟಣಕ್ಕೂ, ಇಂಗ್ಲೆಂಡಿನ ಟೀಸ್ ನದಿಯ ದಂಡೆಗೂ ಹೋಗಿಬರಬೇಕಾಗುವುದು.

ಮೊದಲು ಎರೆಭೂಮಿಯ ಸ್ವಭಾವವನ್ನು ನೆನೆಯೋಣ. ಮಳೆ ಬಿದ್ದಾಗ ಅದು ಅಂಟು. ಬಿಸಿಲಿಗೆ ಬಿರುಕುಬಿಟ್ಟ ಕಲ್ಲು. ಹದವೆಂಬುದು ಕೆಲವೇ ದಿನ ಇರತಕ್ಕದ್ದು. ಅಷ್ಟರೊಳಗೆ ಕುಂಟೆ ಹೊಡೆದು, ಕೂರಿಗೆಯಿಂದ ಬಿತ್ತಿ ಮುಗಿಸದವನ ವರುಷವೇ ಹೋಯಿತು. ಆಳವಾಗಿ ಬೇರೂರಿದ ಕರಿಕೆ ಹೊಲವನ್ನು ಹೊಕ್ಕರಂತೂ ಹಲವು ಜೊತೆ ಎತ್ತುಗಳನ್ನು ಸಾಲಾಗಿ ಕಟ್ಟಿ ದೊಡ್ಡ ನೇಗಿಲನ್ನು ಎಳೆಯಿಸದೆ ಅದು ಕೀಳುವಂತಿಲ್ಲ. ಇಂಥ ದುಡಿಮೆಗೆ ಊರ ಮುಂದಿನ ಬೀಳಿನಲ್ಲಿ ಮೇಯುವ ಸಣ್ಣ ದನ ಸಾಲದು. ಆ ಸಣ್ಣ ದನವನ್ನು ನಾನು ಹಳಿಯುತ್ತಿಲ್ಲ. ಬರದ ಸೀಮೆಯಲ್ಲಿ ಹಿಡಿ ಸೊಪ್ಪೆ ತಿಂದು ಬದುಕುವ ಗುಣ ಅದಕ್ಕುಂಟು. ಆ ಗುಣ ಬಂದದ್ದೂ ಬರದಿಂದಲೇ. ಆದರೆ ಯಾವ ಹೋರಿಗೆ ಯಾವ ಹಸು ಎಂದು ಆರಿಸುವವರಿಲ್ಲದೆ, ಎಲ್ಲವೂ ಒಂದೇ ಮಂದೆಯಲ್ಲಿ ಮೇಯುವಾಗ, ಮುಂದಿನ ಪೀಳಿಗೆಯನ್ನು ಗೊತ್ತುಮಾಡುವುದು ಕೇವಲ ಆಕಸ್ಮಿಕ. ದೇವರ ಹೆಸರಿನಲ್ಲಿ ಬಿಟ್ಟ ಗೂಳಿಯೊಂದು ಊರಿನಲ್ಲಿದ್ದರೆ ಅದೇ ಭಾಗ್ಯ.

ಈ ಸಣ್ಣ ದನಕ್ಕೆ ಪ್ರತಿಯಾಗಿ ಮೈಸೂರಿನಲ್ಲಿ ಬೆಳೆದುದು ಅಮೃತಮಹಲ್ ದನ. ಅದರ ಬೇರು ನಮ್ಮನ್ನು ಮರಳಿ ತುಂಗಭದ್ರೆಯ ದಂಡೆಗೇ ತರುವುದೆಂಬುದು ಗಮನಿಸತಕ್ಕ ಸಂಗತಿ. 1572ರಿಂದ 1600ರವರೆಗಿನ ಅವಧಿಯಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಬಳಿ ವಿಜಯನಗರದಿಂದ ತರಿಸಿದ ಹಳ್ಳಿಕಾರ್ ದನಗಳಿದ್ದುವೆಂದೂ, ಮುಂದೆ ಅವು ಮೈಸೂರಿನ ಒಡೆಯರ ವಶಕ್ಕೆ ಬಂದುವೆಂದೂ ಹೇಳಿಕೆಯುಂಟು. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು, ಚಿಕ್ಕದೇವರಾಜ ಒಡೆಯರು ಒಬ್ಬರಾದ ಮೇಲೊಬ್ಬರು ಈ ದನಗಳಿಗಾಗಿ ಹುಲ್ಲುನೆಲಗಳನ್ನು ಬಿಡಿಸಿಕೊಟ್ಟರು. ಅವುಗಳಿಗೆ ಕಾವಲುಗಳೆಂದು ಹೆಸರು. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜರ ಕಾಲದಲ್ಲಿ ಇದು ಬೆಣ್ಣೆ ಚಾವಡಿ ಎಂಬ ಇಲಾಖೆಯಾಯಿತು. ಹೆಸರು ಬೆಣ್ಣೆಯದಾದರೂ ಅರಮನೆಗೆ ಹಾಲುಬೆಣ್ಣೆಯನ್ನು ಒದಗಿಸುವ ಕೆಲಸಕ್ಕಿಂತ ದಂಡಿಗೆ ಎತ್ತನ್ನು ಒದಗಿಸುವ ಕೆಲಸವೇ ಕಾಲಕ್ರಮದಲ್ಲಿ ಮೇಲಾಯಿತು. ಹೈದರಾಲಿಯು ಇದನ್ನು ಪೂರ್ತಿಯಾಗಿ ಯುದ್ಧದ ಅಂಗವನ್ನಾಗಿ ಮಾಡಿದನು. ಟಿಪ್ಪುವು ಬೆಣ್ಣೆ ಚಾವಡಿಯೆಂಬ ಹೆಸರನ್ನು ಅಮೃತಮಹಲ್ ಎಂದು ಬದಲಿಸಿ, ಇಲಾಖೆ ನಡೆಯತಕ್ಕ ರೀತಿಯನ್ನು ಹುಕುಂನಾಮೆಯಲ್ಲಿ ವಿಧಿಸಿದನು. ವರ್ಷಕ್ಕೊಮ್ಮೆ ದನಗಳ ಎಣಿಕೆ ನಡೆಯುತ್ತಿದ್ದಿತು. ಮುಂದೆ ಬಂದ ಇಂಗ್ಲಿಷ್ ಅಧಿಕಾರಿಗಳೂ ಬಹುಮಟ್ಟಿಗೆ ಅದೇ ಕಟ್ಟಳೆಯನ್ನು ಅನುಸರಿಸಿದರು.

ಕಾವಲುಗಳ ವ್ಯವಸ್ಥೆಯಲ್ಲಿ ಮುಖ್ಯವಾದದ್ದು ಋತುಭೇದ. ಕೆಲವು ಕಾವಲುಗಳು ಮಳೆಗಾಲಕ್ಕೆ, ಕೆಲವು ಚಳಿಗಾಲಕ್ಕೆ, ಕೆಲವು ಬೇಸಗೆಗೆ. ಬೇಸಗೆಯ ಕಾವಲಿಗೆ ಬೆಲೆ ಹೆಚ್ಚು. ನೀರೂ ಮರದ ನೆರಳೂ ಇರುವ ಹುಲ್ಲುನೆಲ ನಮ್ಮ ಬಯಲುಸೀಮೆಯಲ್ಲಿ ವಿರಳವಷ್ಟೆ. ಮಂದೆಯು ಒಂದರಿಂದ ಇನ್ನೊಂದಕ್ಕೆ ಸಾಗುತ್ತ ವರ್ಷವನ್ನು ಕಳೆಯುವುದು. ಕೊಟ್ಟಿಗೆಯಿಲ್ಲ, ಹಿಂಡಿಯಿಲ್ಲ, ಕೈಮೇವಿಲ್ಲ. ಹಸುಗಳು ಅರೆಕಾಡು ಸ್ವಭಾವದವು. ಪರಿಚಯವಿಲ್ಲದ ಮನುಷ್ಯನನ್ನು ಹತ್ತಿರ ಸೇರಿಸವು. ಹಾಲು ಕರುವಿಗೆ ಸಾಕಾಗುವಷ್ಟೇ. ಗಂಡುಕರುಗಳನ್ನು ಮೂರು ನಾಲ್ಕನೆಯ ವರುಷದಲ್ಲಿ ಹಿಡಿದು, ಬೀಜ ಒಡೆದು ಎತ್ತು ಮಾಡುವರು. ಅದು ಏಳನೆಯ ವರುಷಕ್ಕೆ ಪೂರ್ಣಬಲಕ್ಕೆ ಬಂದು, ಹನ್ನೆರಡರವರೆಗೆ ಅದನ್ನು ಉಳಿಸಿಕೊಂಡು, ಹದಿನಾಲ್ಕು ಹದಿನೈದರವರೆಗೆ ದುಡಿಯುವುದು. ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರು ಬರೆದಿರುವುದು. ನಮ್ಮ ಪಠ್ಯಪುಸ್ತಕಗಳು ತೋಪುಗಳನ್ನು ಎಣಿಸುತ್ತವೆ. ತೋಪನ್ನು ಎಳೆದದ್ದು ಯಾವುದು, ಅದು ಏನು ತಿಂದಿತು ಎಂಬುದನ್ನು ಮಾತ್ರ ಕೇಳುವುದಿಲ್ಲ.

1792ರ ಒಪ್ಪಂದದಿಂದ ಬಳ್ಳಾರಿ ಸೀಮೆ ಟಿಪ್ಪುವಿನ ಕೈ ಬಿಟ್ಟು ನಿಜಾಮನಿಗೆ ಸೇರಿತು. 1800ರಲ್ಲಿ ನಿಜಾಮನು ಅದನ್ನು ಕಂಪನಿಗೆ ಬಿಟ್ಟುಕೊಟ್ಟನು. ಅದೇ ವರುಷ ಆರ್ಥರ್ ವೆಲ್ಲೆಸ್ಲಿಯು ಧೋಂಡಿಯ ವಾಘನನ್ನು ಬೆನ್ನಟ್ಟಿ ತುಂಗಭದ್ರೆಯನ್ನು ದಾಟಿದನು. ಸೆಪ್ಟೆಂಬರು 10ರಂದು ರಾಯಚೂರಿನ ಕಡೆಯ ಕೋಣಗಲ್ಲಿನ ಬಳಿ ಧೋಂಡಿಯನು ಮಡಿದನು. ಕುದುರೆಯ ಮೇಲೆ ಹಾರುತ್ತಿದ್ದ ಶತ್ರುವನ್ನು ಹಿಡಿಯಬೇಕಾದರೆ ಹಿಂದೆ ಬರುವ ಅಕ್ಕಿಯೂ ಮದ್ದುಗುಂಡೂ ಅದೇ ವೇಗದಲ್ಲಿ ಬರಬೇಕು. ದಂಡಿನ ಚಲನೆಯೆಲ್ಲ ಕಡೆಗೆ ದನದ ಆರೈಕೆಯ ಮೇಲೆ ನಿಂತಿದೆ ಎಂಬ ತಿಳಿವಳಿಕೆ ವೆಲ್ಲೆಸ್ಲಿಗೆ ದೃಢವಾದದ್ದು ಈ ದೇಶದಲ್ಲಿ. ಮುಂದೆ ಸ್ಪೇನಿನ ಯುದ್ಧದಲ್ಲಿ ಮೈಸೂರಿನ ಎತ್ತುಗಳಿಲ್ಲದ ಕೊರತೆಯನ್ನು ಆತ ನೆನೆದನೆಂದು ಹೇಳುವರು.

ಈಗ ಟೀಸ್ ನದಿಯ ದಂಡೆಗೆ ಹೋಗೋಣ. ಕಾಲ ಅದೇ. ಶ್ರೀರಂಗಪಟ್ಟಣವು ಬಿದ್ದದ್ದು 1799ರಲ್ಲಿ. ಆ ಹೊತ್ತಿಗೆ ಇಂಗ್ಲೆಂಡಿನ ಡರ್ಹಮ್ ಸೀಮೆಯ ಕೆಟನ್ ಎಂಬಲ್ಲಿ ಚಾರ್ಲ್ಸ್ ಕಾಲಿಂಗ್ ಎಂಬ ಬೇಸಾಯಗಾರನ ಬಳಿ 1796ರಲ್ಲಿ ಹುಟ್ಟಿದ ಒಂದು ಎತ್ತು ಕೊಬ್ಬಿ ಬೆಳೆಯುತ್ತಿದ್ದಿತು. ಅದನ್ನು 1801ರಿಂದ ಸುಮಾರು ಆರು ವರ್ಷ ಪ್ರತ್ಯೇಕವಾಗಿ ಮಾಡಿಸಿದ ಗಾಡಿಯಲ್ಲಿ ಹೇರಿಕೊಂಡು ಇಂಗ್ಲೆಂಡು ಸ್ಕಾಟ್ಲೆಂಡುಗಳಲ್ಲೆಲ್ಲ ಜನರಿಗೆ ತೋರಿಸಿದರು. ಡರ್ಹಮ್ಮಿನ ಎತ್ತು ಎಂದೇ ಅದಕ್ಕೆ ಹೆಸರಾಯಿತು. ನಮ್ಮ ಕಡೆ ಎತ್ತು ಗಾಡಿಯನ್ನು ಎಳೆಯುತ್ತಿದ್ದಾಗ ಅಲ್ಲಿ ಗಾಡಿ ಎತ್ತನ್ನು ಹೊರುತ್ತಿದ್ದಿತೆಂದು ಯಾರಾದರೂ ನಕ್ಕರೆ ತಪ್ಪಲ್ಲ. ಆದರೆ ಆ ಎತ್ತು ಹುಟ್ಟಿದ ಶಾರ್ಟ್‌ಹಾರ್ನ್ ತಳಿಯ, ಎಂದರೆ ಗಿಡ್ಡಕೊಂಬಿನ ದನದ ಚರಿತ್ರೆ ನಗೆಯ ವಿಷಯವಲ್ಲ.

ಚಾರ್ಲ್ಸ್ ಕಾಲಿಂಗನೂ ಅವನ ಅಣ್ಣ ರಾಬರ್ಟನೂ ಟೀಸ್ ಕಣಿವೆಯ ಸೊಂಪಾದ ಹುಲ್ಲಿನ ಮೇಲೆ ಬೆಳೆದಿದ್ದ ಸ್ಥಳೀಯ ದನವನ್ನೇ ಹಿಡಿದು ತಿದ್ದಿದರು. ರಾಬರ್ಟ್ ಬೇಕ್‌ವೆಲ್ ಎಂಬವನು ಕುರಿಗಳಲ್ಲಿಯೂ ಉದ್ದಕೊಂಬಿನ ದನಗಳಲ್ಲಿಯೂ ನಡೆಸಿದ್ದ ಪ್ರಯೋಗ ಅವರ ಕಣ್ಣ ಮುಂದಿದ್ದಿತು. ಆ ಪ್ರಯೋಗದ ಸಾರವಿಷ್ಟು: ಬೇಕಾದ ಗುಣ ಯಾವ ಪ್ರಾಣಿಯಲ್ಲಿ ಕಂಡಿತೋ ಅದನ್ನು ಅದರ ಹತ್ತಿರದ ರಕ್ತಸಂಬಂಧದಲ್ಲಿಯೇ ಕೂಡಿಸಿ, ಗುಣವು ಪೀಳಿಗೆಯಲ್ಲಿ ನೆಲೆಗೊಳ್ಳುವಂತೆ ಮಾಡುವುದು. ಕಾಲಿಂಗನ ಫೇವರಿಟ್ ಎಂಬ ಹೋರಿಯನ್ನು ಅದರ ತಾಯಿಗೆ ಕೂಡಿಸಿ ಹುಟ್ಟಿದ ಹಸುವನ್ನು ಮರಳಿ ಅದೇ ಹೋರಿಗೆ ಕೂಡಿಸಲು, 1804ರಲ್ಲಿ ಕಾಮೆಟ್ ಎಂಬ ಹೋರಿ ಹುಟ್ಟಿತು. ಎಂದರೆ ಕಾಮೆಟ್ಟಿಗೆ ತಂದೆಯೂ ತಾಯಿಯ ತಂದೆಯೂ ಒಂದೇ. ಇದನ್ನು ಕೇಳಿ ನಮ್ಮ ಹಿರಿಯರು ಕಿವಿ ಮುಚ್ಚಿಕೊಂಡಾರು. ದೋಷಗಳೂ ಈ ಮಾರ್ಗದಲ್ಲಿ ಗುಣಗಳಷ್ಟೇ ಬೇಗ ನೆಲೆಗೊಳ್ಳುವುವೆಂಬ ಭಯವು ನಿಜವಾದದ್ದೇ. ಆದರೆ 1810ರ ಹರಾಜಿನಲ್ಲಿ ಕಾಮೆಟ್ಟಿಗೆ 1,000 ಗಿನಿ ಬೆಲೆ ಬಂದಿತು. ಸಾವಿರ ಗಿನಿ ಮುಟ್ಟಿದ ಮೊದಲ ಹೋರಿ ಅದು. 1822ರಲ್ಲಿ ಜಾರ್ಜ್ ಕೋಟ್ಸ್ ಎಂಬವನು ಈ ದನಗಳ ವಂಶಾವಳಿಯ ಪುಸ್ತಕವನ್ನು ಅಚ್ಚುಹಾಕಿಸಿದನು. ದನಗಳಿಗೆ ಇಂಥ ಗ್ರಂಥ ಜಗತ್ತಿನಲ್ಲಿ ಇದೇ ಮೊದಲು.

ಅಲ್ಲಿಯ ಗುರಿ ನಮಗೆ ಪರಕೀಯವಾದದ್ದು. ಹುಲ್ಲನ್ನು ತಿಂದು ಬೇಗನೆ ಬೆಳೆದು, ಬೆನ್ನಿನ ಮೇಲೂ ತೊಡೆಯ ಮೇಲೂ ಮಾಂಸವನ್ನು ಕಟ್ಟಿ, ಮಾರುಕಟ್ಟೆಗೆ ಹೋಗಬೇಕೆಂಬುದು ಅಲ್ಲಿಯ ಲೆಕ್ಕ. ಅಮೃತಮಹಲಿನ ಎತ್ತು ಏಳು ವರುಷಕ್ಕೆ ಬಲಿಯುವಾಗ ಶಾರ್ಟ್‌ಹಾರ್ನ್ ಅದರ ಅರ್ಧ ವಯಸ್ಸಿಗೂ ಮುಂಚೆ ತನ್ನ ಆಯುಷ್ಯವನ್ನು ಮುಗಿಸಿರುತ್ತಿದ್ದಿತು. ಒಂದಕ್ಕೆ ನೀಳವಾದ ಕಾಲು, ಬಿಗಿಯಾದ ಮೈ, ಉಗ್ರವಾದ ಕಣ್ಣು. ಇನ್ನೊಂದಕ್ಕೆ ಕುಳ್ಳುಕಾಲು, ಚೌಕವಾದ ಮೈ, ಸಾಧುಸ್ವಭಾವ. ಆದರೂ ಎರಡು ತಳಿಗಳ ಹುಟ್ಟಿನಲ್ಲಿ ಸಾಮ್ಯವುಂಟು. ಎರಡೂ ಹುಲ್ಲಿನ ಮೇಲೆಯೇ ಬೆಳೆದವು. ಎರಡಕ್ಕೂ ಒಂದು ಗುರಿಯನ್ನು ಹಿಡಿದು ಹಲವು ಪೀಳಿಗೆ ಬಿಡದೆ ಆರಿಸಿದವರಿದ್ದರು. ವ್ಯತ್ಯಾಸವಿರುವುದು ಒಡೆತನದಲ್ಲಿ. ಅಲ್ಲಿ ವಂಶಾವಳಿ ಅಚ್ಚಾಗಿ ನೂರಾರು ಬೇಸಾಯಗಾರರ ಮನೆಯಲ್ಲಿದ್ದಿತು. ಒಬ್ಬನ ಮಂದೆ ಹರಾಜಾದರೆ ಆ ರಕ್ತ ಹತ್ತು ಮಂದೆಗಳಿಗೆ ಹಂಚಿಹೋಗಿ ಉಳಿಯುತ್ತಿದ್ದಿತು. ಇಲ್ಲಿ ತಳಿಯೂ ಹುಲ್ಲೂ ಸರ್ಕಾರದ್ದು. ಸರ್ಕಾರದ ಮನಸ್ಸು ತಿರುಗಿದರೆ ಎರಡೂ ಹೋಗತಕ್ಕವು.

ಮನಸ್ಸು ತಿರುಗಿಯೇ ತಿರುಗಿತು. 1799ರ ಬಳಿಕ ಕೆಲವು ವರುಷ ಆರೈಕೆ ತಪ್ಪಿ ಸೊರಗಿದ್ದ ಮಂದೆಯನ್ನು 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಕೊಟ್ಟರು. ಹತ್ತು ವರುಷದಲ್ಲಿ ಆತನು ಸೈನ್ಯಕ್ಕೆ ಪ್ರತಿವರ್ಷ ಬೇಕಾದ ಎತ್ತುಗಳನ್ನು ಒದಗಿಸಿದ್ದೂ ಅಲ್ಲದೆ, ಸುಮಾರು 10,000 ಇದ್ದ ಮೂಲಮಂದೆಯನ್ನು ಹತ್ತಿರಹತ್ತಿರ ಇಮ್ಮಡಿ ಮಾಡಿದನು. ಹೀಗಿದ್ದ ಇಲಾಖೆಯನ್ನು 1860ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲ್ಯನನು ಖರ್ಚು ಕಡಮೆ ಮಾಡುವ ಉದ್ದೇಶದಿಂದ ಮುರಿದುಹಾಕಿ ದನಗಳನ್ನು ಮಾರಿಸಿದನು. ಕಾಗದದ ಮೇಲೆ ಉಳಿತಾಯವಾಯಿತು. ಕೆಲವೇ ವರುಷಗಳಲ್ಲಿ ಸೈನ್ಯಕ್ಕೆ ತಕ್ಕ ಎತ್ತು ಸಿಕ್ಕದೆ ಹೋಗಲು, 1866ರಲ್ಲಿ ಇಲಾಖೆಯನ್ನು ಹೊಸದಾಗಿ ಕಟ್ಟಬೇಕಾಯಿತು. ಮಾರಿದ ದನದ ಸಂತತಿಯನ್ನು ಹುಡುಕಿಹುಡುಕಿ ಮರಳಿ ಕೊಳ್ಳಬೇಕಾಯಿತು. ಇನ್ನೂರು ವರುಷದ ಆಯ್ಕೆಯನ್ನು ಒಂದು ಆಜ್ಞೆಯಿಂದ ಚೆದರಿಸುವುದು ಸುಲಭ. ಚೆದರಿದ್ದನ್ನು ಕೂಡಿಸುವಾಗ ಮೊದಲಿದ್ದದ್ದೇ ಬರುವುದೆಂಬ ಭರವಸೆಯಿಲ್ಲ. ಇದಕ್ಕೆ ಹೋಲಿಸಬಹುದಾದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆನು. ಮದರಾಸಿನಲ್ಲಿ ಆ ಆಜ್ಞೆ ಹೊರಡುವುದಕ್ಕೆ ಒಂದು ವರುಷ ಮುಂಚೆ, 1859ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಸಿಟ್ಟಿಟನ್ ಎಂಬಲ್ಲಿ ಏಮಸ್ ಕ್ರುಕ್‌ಷ್ಯಾಂಕ್ ಎಂಬವನ ಕೊಟ್ಟಿಗೆಯಲ್ಲಿ ಒಂದು ಗಂಡುಕರು ಹುಟ್ಟಿತು. ಪ್ರದರ್ಶನಗಳಲ್ಲಿ ಹೆಚ್ಚಿನ ಮನ್ನಣೆ ಪಡೆಯದ ಆ ಹೋರಿಯನ್ನು ಅವನು ತನ್ನ ಕಣ್ಣನ್ನು ನಂಬಿ ಉಳಿಸಿಕೊಂಡನು. ಮುಂದೆ ಅಮೆರಿಕದ ಹುಲ್ಲುಬಯಲುಗಳಲ್ಲೆಲ್ಲ ಹರಡಿದ ಸ್ಕಾಚ್ ಶಾರ್ಟ್‌ಹಾರ್ನ್ ಮಂದೆಗಳಿಗೆ ಅದು ಮೂಲಪುರುಷನಾಯಿತು.

ಇನ್ನು ಬಳ್ಳಾರಿಯ ಪ್ರಶ್ನೆಗೆ ಮರಳೋಣ. ಕಂಪನಿಯ ಕೈಸೇರಿದ ಮೇಲೆ ಬಳ್ಳಾರಿ ಮದರಾಸು ಪ್ರಾಂತದ ದೊಡ್ಡ ದಂಡುಗಳಲ್ಲೊಂದಾಯಿತು. ಹತ್ತಿಯ ಪೇಟೆಯೂ ಆಯಿತು. ರೈಲು ಬರುವುದಕ್ಕೆ ಮುಂಚೆ ಆ ಹತ್ತಿಯನ್ನೂ, ಕರಾವಳಿಯಿಂದ ಉಪ್ಪನ್ನೂ ಸಾಗಿಸಿದ್ದು ಲಂಬಾಣಿಗರ ಹೇರೆತ್ತುಗಳು ಮತ್ತು ಬಂಡಿಗಳು. ಹೀಗೆ ಎತ್ತಿನ ಬೇಡಿಕೆ ದಿನೇದಿನೇ ಏರಿತೇ ಹೊರತು ಎತ್ತನ್ನು ಬೆಳೆಸುವ ಹುಲ್ಲಿಗೆ ನೆಲ ಉಳಿಯಲಿಲ್ಲ. ಥಾಮಸ್ ಮನ್ರೋ 1800ರಿಂದ 1807ರವರೆಗೆ ಕಲೆಕ್ಟರಾಗಿದ್ದು ಹೊಲಹೊಲವನ್ನೂ ಅಳೆಯಿಸಿ ಕಂದಾಯ ಗೊತ್ತುಮಾಡಿದನು. ರೈತನ ದೃಷ್ಟಿಯಿಂದ ಅದರ ಗುಣದೋಷಗಳು ಬೇರೆ ಚರ್ಚೆ. ದನದ ದೃಷ್ಟಿಯಿಂದ ನೋಡಿದರೆ, ಕಂದಾಯ ಬಿದ್ದ ಎರೆಹೊಲವನ್ನು ಹುಲ್ಲಿಗೆ ಬಿಡುವವನು ಯಾರು? ಹತ್ತಿ ಹಣ ತರುವುದು; ಜೋಳ ಕಾಳನ್ನೂ ಸೊಪ್ಪೆಯನ್ನೂ ಕೊಡುವುದು. ಹುಲ್ಲು ಮೂರು ಋತುಗಳನ್ನು ದಾಟಿಸಿ, ನಾಲ್ಕು ವರುಷದ ಮೇಲೆ ಒಂದು ಎತ್ತನ್ನು ಕೊಡುವುದು. ಅಷ್ಟು ಕಾಲ ಕಾಯುವ ಶಕ್ತಿ ಒಬ್ಬೊಬ್ಬ ಒಕ್ಕಲಿಗನಿಗೆ ಎಲ್ಲಿಂದ ಬರಬೇಕು? ಮೈಸೂರಿನ ಸರ್ಕಾರ ತನ್ನ ದಂಡಿಗಾಗಿ ಕಾದಿತು. ಅದರ ಕಾವಲುಗಳಲ್ಲಿ ಹೆಚ್ಚಾದ ತಳಿಯು ನೆರೆಯ ರೈತರ ದನಕ್ಕೂ ರಕ್ತ ಕೊಟ್ಟಿತು. ಬಳ್ಳಾರಿಯಲ್ಲಿ ಕಾದವರಿಲ್ಲ. ನನ್ನ ಅಭಿಪ್ರಾಯದಲ್ಲಿ ಸೋಜಿಗದ ಕಾರಣ ಇಷ್ಟೇ: ಮಣ್ಣು ಬಡವಾಗಿದ್ದ ಚಿತ್ರದುರ್ಗ, ಕಡೂರು ಸೀಮೆಗಳಲ್ಲಿ ಹುಲ್ಲು ಉಳಿಯಿತು, ದನ ಬೆಳೆಯಿತು, ಮಣ್ಣು ಸಿರಿವಂತವಾಗಿದ್ದ ಬಳ್ಳಾರಿಯಲ್ಲಿ ನೇಗಿಲು ಹುಲ್ಲನ್ನು ತಿಂದಿತು.

ಇದರ ಫಲ 1876ರಿಂದ 1878ರವರೆಗಿನ ಬರದಲ್ಲಿ ಕಂಡಿತು. ಜಿಲ್ಲೆಯ ಜನಸಂಖ್ಯೆ 1871ರಿಂದ 1881ಕ್ಕೆ ಸುಮಾರು ಐದನೆಯ ಒಂದು ಪಾಲು ಇಳಿಯಿತು. ಜೋಳ ಬೆಳೆಯದಿದ್ದರೆ ಸೊಪ್ಪೆಯೂ ಇಲ್ಲ. ಸೊಪ್ಪೆಯ ಬಣವೆಯೊಂದನ್ನೇ ನಂಬಿದ ದನ ಮನುಷ್ಯನಿಗಿಂತ ಮೊದಲು ಸಾಯತಕ್ಕದ್ದು. ಬದುಕಿ ಉಳಿದ ರೈತನಿಗೆ ಮಳೆ ಬಂದರೂ ಉಳಲು ಎತ್ತಿಲ್ಲ.

ಹಾಗೆಂದು ಆ ಸೀಮೆಯಲ್ಲಿ ತಳಿಯನ್ನು ಕಾಯ್ದವರೇ ಇಲ್ಲವೆಂದಲ್ಲ. ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಗಳ ಕಡೆಯ ಮ್ಯಾಸಬೇಡರೂ ಕಾಡುಗೊಲ್ಲರೂ ದೇವರ ಎತ್ತುಗಳೆಂಬ ಮಂದೆಗಳನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿರುವರು. ಅವನ್ನು ಕಾಯುವವನು ಕಿಲಾರಿ. ಆ ದನವನ್ನು ದುಡಿಮೆಗೆ ಹೂಡರು, ಮಾರರು. ಕೋಟ್ಸನ ಪುಸ್ತಕದಲ್ಲಿ ಅಚ್ಚಾದದ್ದು ಇಲ್ಲಿ ಕಿಲಾರಿಯ ನೆನಪಿನಲ್ಲಿ ಇರುವುದು. ಬರ ಬಂದಾಗ ಅವನ ಕಷ್ಟ ಯಾರಿಗೂ ಬೇಡ; ಹುಲ್ಲು ಇರುವ ಕಡೆಗೆ ಮಂದೆಯನ್ನು ಹೊಡೆದುಕೊಂಡು ಹೋಗುವುದೊಂದೇ ದಾರಿ.

ಇಪ್ಪತ್ತನೆಯ ಶತಮಾನದಲ್ಲಿ ಕಥೆ ಬೇರೊಂದು ತಿರುವು ಪಡೆಯಿತು. ಮದರಾಸು ಸರ್ಕಾರವು 1937ರಲ್ಲಿ ಸಿರುಗುಪ್ಪದಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರವನ್ನು ತೆರೆಯಿತು. ತುಂಗಭದ್ರೆಯ ನೀರು ಬಂದರೆ ಎರೆಭೂಮಿ ಅದನ್ನು ತಾಳುವುದೇ ಎಂಬುದು ಅದರ ಮುಖ್ಯ ಪ್ರಶ್ನೆ. 1945ರಲ್ಲಿ ಅಣೆಕಟ್ಟಿನ ಕೆಲಸ ಮೊದಲಾಗಿ 1953ರಲ್ಲಿ ನೀರು ಹರಿಯಿತು. ಅದೇ ವರುಷ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನೀರಾವರಿಯ ವಿಚಾರ ನಡೆದಷ್ಟು ಆಳವಾಗಿ ಹುಲ್ಲಿನ ವಿಚಾರ ನಡೆಯಲಿಲ್ಲ. ಬತ್ತದ ಗದ್ದೆ ಹೆಚ್ಚಿತು, ಬಳಿಕ ಟ್ರಾಕ್ಟರು ಬಂದಿತು, ಎತ್ತಿನ ಜೊತೆ ಕಡಮೆಯಾಯಿತು.

ಅಷ್ಟರಲ್ಲಿ ನಮ್ಮ ದನದ ರಕ್ತ ಸಾಗರವನ್ನು ದಾಟಿದ್ದಿತು. ದಕ್ಷಿಣ ಮಹಾರಾಷ್ಟ್ರ ಸಂಸ್ಥಾನಗಳ ದೊರೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಿರ್, ಓಂಗೋಲು ಮತ್ತು ಮೈಸೂರಿನ ಬಗೆಯ ದನಗಳನ್ನು ಬೆರೆಸಿ ಕೃಷ್ಣಾ ಕಣಿವೆಯ ತಳಿಯನ್ನು ಬೆಳೆಸಿದ್ದರು. ಅವರ ಗುರಿಯೂ ಬಳ್ಳಾರಿಯ ರೈತನದೇ: ಎರೆಭೂಮಿಯ ಅಂಟಿನಲ್ಲಿ ನಿಧಾನವಾಗಿ, ಭಾರವಾಗಿ ಎಳೆಯುವ ಎತ್ತು. ಅಮೆರಿಕದ ಟೆಕ್ಸಾಸಿನಲ್ಲಿ ಆಗ ಬೇರೊಂದು ಕಷ್ಟ. ಅಲ್ಲಿಯ ಬಿಸಿಲಿಗೂ ಉಣ್ಣೆಗಳಿಗೂ ಶಾರ್ಟ್‌ಹಾರ್ನ್ ದನ ತಾಳುತ್ತಿರಲಿಲ್ಲ. 1906ರಲ್ಲಿ ಬಾರ್ಡೆನ್ ಎಂಬವನು ಇಂಡಿಯದಿಂದ 51 ದನಗಳನ್ನು ಅಲ್ಲಿಗೆ ಒಯ್ದನು. ಗಿರ್, ಗುಜರಾತ್, ನೆಲ್ಲೂರು, ಕೃಷ್ಣಾ ಕಣಿವೆ, ಈ ರಕ್ತಗಳೆಲ್ಲ ಕೂಡಿ ಬ್ರಾಹ್ಮನ್ ಎಂಬ ಅಮೆರಿಕದ ತಳಿಯಾಯಿತು. ಕಿಂಗ್ ರಾಂಚ್ ಎಂಬ ದೊಡ್ಡ ಹುಲ್ಲುಗಾವಲಿನವರು ಈ ದನವನ್ನು ಶಾರ್ಟ್‌ಹಾರ್ನಿನೊಡನೆ ಕೂಡಿಸಿ, 1920ರಲ್ಲಿ ಹುಟ್ಟಿದ ಮಂಕಿ ಎಂಬ ಒಂದೇ ಹೋರಿಯಿಂದ ಪೀಳಿಗೆಯನ್ನು ಬೆಳೆಸಿದರು. ಹೀಗೆ ಎಂಟರಲ್ಲಿ ಐದು ಪಾಲು ಶಾರ್ಟ್‌ಹಾರ್ನ್, ಮೂರು ಪಾಲು ಭಾರತದ ರಕ್ತವುಳ್ಳ ಸಾಂತಾ ಗರ್ಟ್ರೂಡಿಸ್ ತಳಿ 1940ರಲ್ಲಿ ಅಲ್ಲಿಯ ಸರ್ಕಾರದ ಮನ್ನಣೆಯನ್ನು ಪಡೆಯಿತು. ಟೀಸ್ ದಂಡೆಯ ದನಕ್ಕೂ ಕೃಷ್ಣೆಯ ಕಡೆಯ ದನಕ್ಕೂ ನೆಂಟಸ್ತನ ಬೆಳೆದದ್ದು ಹೀಗೆ, ಮೂರನೆಯವರ ಹುಲ್ಲಿನ ಮೇಲೆ. ತವರಿನಲ್ಲಿ ಕೃಷ್ಣಾ ಕಣಿವೆಯ ತಳಿ ಇಂದು ವಿರಳವಾಗಿಹೋಗಿದೆ.

ಅಮೃತಮಹಲಿನ ಮಂದೆ 1882ರಲ್ಲಿ ಮೈಸೂರು ಸರ್ಕಾರಕ್ಕೆ ಮರಳಿತು. 1923ರಲ್ಲಿ ಸೈನ್ಯದ ಇಲಾಖೆಯನ್ನು ಬಿಟ್ಟು ಕೃಷಿ ಇಲಾಖೆಗೆ ಬಂದಿತು. ತೋಪು ಎಳೆಯುವ ಕೆಲಸ ಮುಗಿದ ಮೇಲೆ ಅದರ ಹುಲ್ಲಿಗೆ ಕಾವಲುಗಾರರೂ ಕಡಮೆಯಾದರು. ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳು ಸಾಗುವಳಿಗೆ, ತೋಪುಗಳ ನೆಡುವಿಕೆಗೆ, ಊರುಗಳಿಗೆ ಹಂಚಿಹೋಗಿ ಅದರ ಸಣ್ಣದೊಂದು ಪಾಲು ಮಾತ್ರ ಉಳಿದಿದೆ. ಬಳ್ಳಾರಿಯ ಹೆದ್ದಾರಿಯಲ್ಲಿಯೇ ಇರುವ ಚಳ್ಳಕೆರೆ ತಾಲ್ಲೂಕಿನಲ್ಲಿ 2007ರಿಂದ ಕೆಲವು ವರುಷಗಳಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಗೋಡೆಗಳು ಎದ್ದುವು, ಸುತ್ತಲಿನ ಕುರಿಗಾಹಿಗಳೂ ದನಗಾಹಿಗಳೂ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋದರು. ವಿಜ್ಞಾನಕ್ಕೆ ನೆಲ ಬೇಡವೆಂದು ಹೇಳುವವನು ನಾನಲ್ಲ. ಆದರೆ ಸರ್ಕಾರದ ಕಡತದಲ್ಲಿ ಆ ನೆಲವು ಬರಡೆಂದು ಕಾಣುವುದಾದರೆ, 1860ರ ಕಡತದಲ್ಲಿ ಆ ದನವು ದಂಡವೆಂದು ಕಂಡದ್ದೂ ಇದೇ ಬಗೆಯ ಕಣ್ಣಿಗೆ.

ಬೀರೂರಿನಲ್ಲಿ ಅಮೃತಮಹಲ್ ಗಂಡುಕರುಗಳ ವಾರ್ಷಿಕ ಹರಾಜು ಉಳಿದುಬಂದಿದೆ. ನಾನಾ ಜಿಲ್ಲೆಗಳ ರೈತರು ಹಿಂದಿನ ದಿನವೇ ಬಂದು ದೊಡ್ಡಿಯ ಬೇಲಿಗೆ ಆತು ನಿಂತು, ಕಾಲು, ಕೊಂಬು, ಬಾಲಗಳನ್ನು ಪರೀಕ್ಷಿಸುವರು. ಕೂಗು ಮುಗಿದ ಮೇಲೆ ಇನ್ನೂ ಕಷ್ಟದ ಕೆಲಸ ಬಾಕಿಯಿರುವುದು. ಕಾವಲಿನಲ್ಲಿ ಹುಟ್ಟಿ ಬೆಳೆದ ಆ ಕರುಗಳು ಅಂದಿನವರೆಗೆ ಹಗ್ಗವನ್ನು ಕಂಡಿರುವುದಿಲ್ಲ. ಅವನ್ನು ಹಿಡಿದು ಲಾರಿಗೆ ಹತ್ತಿಸುವಷ್ಟರಲ್ಲಿ ನಾಲ್ಕಾರು ಗಟ್ಟಿಯಾಳುಗಳು ಬೆವರಿಳಿಸಿರುವರು.